ಕಾಲಿನಳತೆಯ ಕ್ರೂಸರ್

ಕ್ರೂಸರ್ ಬೈಕು ಕೊಳ್ಳಲು ಹೊರಟವನು ಮೊದಲು ಕೇಳುವುದು ಸಿಸಿ ಎಷ್ಟು, ಆಮೇಲೆ ಮೈಲೇಜು. ತನ್ನ ಕಾಲಿನ ಉದ್ದ ಅವನಿಗೆ ನೆನಪಾಗುವುದು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾಲೂರಿ ನಿಂತಾಗಲೇ.

ಈ ಲೆಕ್ಕದಲ್ಲಿ ಬಜಾಜ್ ಅವೆಂಜರ್ 220 ಬಲು ಸಜ್ಜನ. ಸೀಟಿನ ಎತ್ತರ 737 ಮಿಲಿಮೀಟರ್. ಕುಳ್ಳನೂ ಎರಡೂ ಪಾದ ಊರಿ ಠೀವಿಯಿಂದ ಕೂರಬಹುದು. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರದು 765. ಅದೂ ತಗ್ಗೇ, ಆದರೆ ತೂಕ 191 ಕೆಜಿ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಕ್ಕೆಳೆಯಲು ನೆಂಟರಿಷ್ಟರೆಲ್ಲ ಬರಬೇಕು.

ಇನ್ನು ಉಡುಪು.

ತೊಗಲಿನ ಜಾಕೆಟ್ ಸಿನಿಮಾದಲ್ಲಿ ಚೆಂದ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅದನ್ನು ತೊಟ್ಟವನು ಸುಟ್ಟ ಬದನೆಕಾಯಿ. ಭುಜ, ಮೊಣಕೈಗೆ ಪ್ಯಾಡ್ ಇರುವ ಮೆಶ್ ಜಾಕೆಟ್ ಗಾಳಿಯನ್ನೂ ಬಿಡುತ್ತದೆ, ಬಿದ್ದಾಗ ಚರ್ಮವನ್ನೂ ಉಳಿಸುತ್ತದೆ. ಹವಾಯಿ ಚಪ್ಪಲಿ ಮನೆಯಲ್ಲಿರಲಿ, ಕಾಲಿಗೆ ಗಿಣ್ಣು ಮುಚ್ಚುವ ಬೂಟು. ಹೆಲ್ಮೆಟ್ಟಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಅದನ್ನು ಟ್ಯಾಂಕಿನ ಮೇಲಿಟ್ಟು, ಪೊಲೀಸರನ್ನು ಕಂಡೊಡನೆ ತಲೆಗೇರಿಸುವ ಕಲೆಯಂತೂ ಬೆಂಗಳೂರಿಗರಿಗೆ ಯಾರೂ ಕಲಿಸಬೇಕಿಲ್ಲ.