ದೂರಸ್ಥಗೃಹ ಮೀಮಾಂಸೆ

ಯಾವ ಶಾಸ್ತ್ರಕ್ಕೂ ಅನುಬಂಧ ಚತುಷ್ಟಯ ಬೇಕಷ್ಟೆ. ಇಲ್ಲಿ ಅಧಿಕಾರಿ ಯಾರೆಂದರೆ, ಕ್ಯಾಲಿಫೋರ್ನಿಯಾದಲ್ಲಿ ತಾನೇ ಬಾಡಿಗೆಗಿದ್ದು, ಎಂದೂ ಕಾಲಿಡದ ಡೆಟ್ರಾಯ್ಟ್‌ನಲ್ಲಿ ಮನೆ ಕೊಂಡ ಸಾಫ್ಟ್‌ವೇರ್ ಗೃಹಸ್ಥ. ವಿಷಯ, ಆ ಮನೆ. ಪ್ರಯೋಜನ, ಕೂತಲ್ಲೇ ಬರುವ ದುಡ್ಡು. ಸಂಬಂಧ, ಪ್ರಾಪರ್ಟಿ ಮ್ಯಾನೇಜರ್. ಈತನನ್ನು ಬಿಟ್ಟರೆ ಗೃಹಸ್ಥನಿಗೂ ಗೃಹಕ್ಕೂ ಬೇರೆ ಸಂಬಂಧವಿಲ್ಲವೆಂಬುದು ಸರ್ವಸಮ್ಮತ.

ಇನ್ನು ಕ್ಷೇತ್ರಮಹಿಮೆ. 1950ರಲ್ಲಿ 18 ಲಕ್ಷ ಮೀರಿದ್ದ ಡೆಟ್ರಾಯ್ಟ್‌ನ ಜನಸಂಖ್ಯೆ 2020ರ ಗಣತಿಯ ಹೊತ್ತಿಗೆ ಸುಮಾರು 6.4 ಲಕ್ಷಕ್ಕಿಳಿದಿತ್ತು. ಕಾರು ಕಾರ್ಖಾನೆಗಳು ಹೋದವು, ಜನ ಹೋದರು, ಮನೆಗಳಿಗೆ ಕಾಲಿರಲಿಲ್ಲ. 2013ರಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ತೆರಿಗೆ ಬಾಕಿಯ ಮನೆಗಳು 500 ಡಾಲರ್‌ನಿಂದ ಹರಾಜು ಕೂಗಿಸಿಕೊಂಡವು. ಸಮಾಜಶಾಸ್ತ್ರಿಗಳು ಅತ್ತರು. ನಮ್ಮ ಗೃಹಸ್ಥರು ಕೊಂಡರು.

ಬಡಾವಣೆಗಳಿಗೂ ಚಾತುರ್ವರ್ಣ್ಯವುಂಟು: ಎ, ಬಿ, ಸಿ, ಡಿ. ಆದರೆ ಡಿ ವರ್ಣದ ಮನೆಯನ್ನು ಯಾರೂ ಯಾರಿಗೂ ಮಾರಿದ ಉಲ್ಲೇಖವಿಲ್ಲ. ಮಾರುವ ಕ್ಷಣದಲ್ಲಿ ಅದು ಸಿ ಪ್ಲಸ್ ಆಗಿರುತ್ತದೆ.

ಪೂರ್ವಪಕ್ಷ: ತಿಂಗಳ ಬಾಡಿಗೆ ಬೆಲೆಯ ಶೇ. 1ರಷ್ಟಿದ್ದರೆ ಕೊಳ್ಳತಕ್ಕದ್ದು ಎಂಬುದು ಸೂತ್ರ. 50,000 ಡಾಲರಿನ ಮನೆಗೆ 900 ಬಂದರೆ ಸೂತ್ರವೇ ನಾಚೀತು. ಸೆಕ್ಷನ್ 8 ಎಂಬ ಸರ್ಕಾರಿ ಬಾಡಿಗೆ ನೆರವಿನ ಬಾಡಿಗೆದಾರರಾದರೆ ಅವರು ಆದಾಯದ ಸುಮಾರು ಶೇ. 30 ಕೊಡುತ್ತಾರೆ, ಮಿಕ್ಕದ್ದು ಸರ್ಕಾರದ ದುಡ್ಡು. ನಷ್ಟಕ್ಕೆ ಆಸ್ಪದವೆಲ್ಲಿ?

ಸಿದ್ಧಾಂತ: ಆಸ್ಪದವು ಮ್ಯಾನೇಜರನ ಕರಾರುಪತ್ರದಲ್ಲಿ. ಬಾಡಿಗೆಯಲ್ಲಿ ಶೇ. 10 ಆತನಿಗೆ, ಹೊಸ ಬಾಡಿಗೆದಾರರನ್ನು ತಂದರೆ ಒಂದು ತಿಂಗಳ ಬಾಡಿಗೆ, ಕೆಲವರಿಗೆ ರಿಪೇರಿ ಬಿಲ್ಲಿನ ಮೇಲೂ ಪಾಲು. ಆದ್ದರಿಂದ ಬಾಡಿಗೆದಾರರು ಉಳಿದರೆ ಲಾಭ, ಬಿಟ್ಟರೆ ಅಧಿಕ ಲಾಭ, ಒಡೆದು ಬಿಟ್ಟರೆ ಪರಮ ಲಾಭ. ಯಾರಿಗೆ ಎಂಬುದನ್ನು ಸೂತ್ರಕಾರರು ಬಿಡಿಸಿ ಹೇಳಿಲ್ಲ.

ಖಾಲಿ ಮನೆಗೆ ಮೊದಲು ಒಕ್ಕಲಾಗುವವನು ತಾಮ್ರದ ಪೈಪಿನ ಕಳ್ಳ. ಅವನು ಬಿಟ್ಟ ಪೈಪು ಜನವರಿಯ ಹಿಮಕ್ಕೆ ಹೆಪ್ಪುಗಟ್ಟಿ ಒಡೆಯುತ್ತದೆ. ಪೂರ್ತಿ ಕದ್ದಿದ್ದರೆ ಒಡೆಯುತ್ತಲೇ ಇರಲಿಲ್ಲವಲ್ಲ ಎಂದು ಮ್ಯಾನೇಜರ್ ಸಮಾಧಾನ ಹೇಳಬಹುದು. ತರ್ಕ ಸಾಧುವೇ.

ಪ್ರಮಾಣ ವಿಚಾರವೂ ಗಹನ. ಪ್ರತ್ಯಕ್ಷ ಮೊದಲೇ ಇಲ್ಲ. ಹೊಗೆ ಕಂಡು ಬೆಂಕಿಯನ್ನು ಊಹಿಸುವ ಅನುಮಾನವೂ ಇಲ್ಲಿ ನಡೆಯದು. ಬೆಂಕಿ ಬಿದ್ದದ್ದನ್ನೂ ಇಮೇಲಿನಿಂದಲೇ ತಿಳಿಯಬೇಕು, ಬಿಲ್ಲಿನ ಸಮೇತ. ಉಳಿದದ್ದು ಶಬ್ದಪ್ರಮಾಣ ಮಾತ್ರ, ಅದೂ ಫೋನೆತ್ತಿದರೆ.

ಫಲಶ್ರುತಿ: ಮನೆ ಕೊಳ್ಳುವ ಮುನ್ನ ಇದನ್ನು ಓದಿದವರು ವಿಮಾನ ಹತ್ತಿ ಆ ಬೀದಿಯನ್ನು ರಾತ್ರಿ ಒಂಬತ್ತಕ್ಕೊಮ್ಮೆ ನೋಡಿ ಬರತಕ್ಕದ್ದು. ಕೊಂಡ ಮೇಲೆ ಓದಿದವರು ಅಮೆರಿಕಕ್ಕೆ ಈಚೆಗೆ ಬಂದ ಗೆಳೆಯನನ್ನು ಊಟಕ್ಕೆ ಕರೆಯತಕ್ಕದ್ದು.