ಬಿಟ್ಟಿ ಸುಖದ ಬಳಕೆದಾರರ ಕೈಪಿಡಿ: ಕತಗಾಲ ಮಾದರಿ

ಅಭಿನಂದನೆಗಳು. ದುಡ್ಡು ಕೊಡದೆ, ಕಂತು ಕಟ್ಟದೆ, ಆಧಾರ್ ಕಾರ್ಡಿನ ಜೆರಾಕ್ಸ್ ಒಪ್ಪಿಸದೆ ನಿಮ್ಮದಾಗಿರುವ ಈ ಸಾಮಗ್ರಿಯನ್ನು ಬಳಸುವ ಮೊದಲು ಸೂಚನೆಗಳನ್ನು ದಯವಿಟ್ಟು ಪೂರ್ತಿ ಓದಿ. ಮಿಕ್ಸರಿನ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ ಎಂಬುದು ಗೊತ್ತಿದೆ. ಮಿಕ್ಸರು ಕೆಟ್ಟ ದಿನ ಅದನ್ನು ಅಟ್ಟದ ಮೇಲೆ ಹುಡುಕುತ್ತೇವೆ. ಇದನ್ನೂ ಹಾಗೆ ಮಾಡಬೇಡಿ. ಈ ಸಾಮಗ್ರಿ ಕೆಟ್ಟರೆ ರಿಪೇರಿ ಮಾಡುವ ಅಂಗಡಿ ಕುಮಟೆಯಲ್ಲೂ ಇಲ್ಲ, ಶಿರಸಿಯಲ್ಲೂ ಇಲ್ಲ.

ಮಾದರಿ ಎಲ್ಲಿಯದು?

ಉತ್ತರ ಕನ್ನಡ ಜಿಲ್ಲೆಯ ಕುಮಟೆಯಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ, ದೇವಿಮನೆ ಘಟ್ಟ ಶುರುವಾಗುವ ಮೊದಲು ಕತಗಾಲ ಬರುತ್ತದೆ. ಈಗ ಆ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 766ಇ ಎಂಬ ಹೆಸರಿದೆ. ಊರಿನವರು ಇನ್ನೂ ಶಿರಸಿ ರಸ್ತೆ ಎಂದೇ ಹೇಳುತ್ತಾರೆ. ಯಾಣದ ಬಂಡೆ ನೋಡಲು ಹೊರಟ ಕಾರುಗಳು ಇಲ್ಲಿ ಗಾಜು ಇಳಿಸುತ್ತವೆ, ದಾರಿ ಕೇಳುತ್ತವೆ, ಗಾಜು ಏರಿಸಿ ಹೋಗುತ್ತವೆ. ಕತಗಾಲದಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬುದು ಪ್ರವಾಸಿಗರ ಅಭಿಪ್ರಾಯ. ಪ್ರವೇಶ ಶುಲ್ಕ, ಸೆಲ್ಫಿ ಪಾಯಿಂಟು, ಪಾರ್ಕಿಂಗ್ ರಸೀದಿ ಯಾವುದೂ ಇಲ್ಲದ ಊರನ್ನು ಹೀಗೆ ತೀರ್ಮಾನಿಸುವುದು ಸಹಜವೇ. ನಾವು ಮಾದರಿಗಾಗಿ ಈ ಊರನ್ನು ಆರಿಸಿದ್ದೂ ಅದಕ್ಕೇ.

ಪೆಟ್ಟಿಗೆಯೊಳಗೆ ಒಂದು ಹೊಳೆ, ಒಂದು ಜಗಲಿ, ನಾಲ್ಕು ತಿಂಗಳ ಮಳೆ, ಬೆಳಗಿನ ಜಾವ ಸಿಳ್ಳೆ ಹಾಕುವ ಒಂದು ಹಕ್ಕಿ ಮತ್ತು ಆಗೀಗ ಒಂದು ಬಯಲಾಟ ಇರುತ್ತವೆ. ಕಾಡಿನಂಚಿನ ಮುರುಗಲು ಹಣ್ಣು ಮೇ ತಿಂಗಳಲ್ಲಿ ಪ್ರತ್ಯೇಕವಾಗಿ ರವಾನೆಯಾಗುತ್ತದೆ. ಚಾರ್ಜರ್ ಕೊಟ್ಟಿಲ್ಲ.

ಚಾಲೂ ಮಾಡುವುದು

ಗುಂಡಿ ಹುಡುಕಬೇಡಿ. ಜಗಲಿಗೆ ಬಂದು ಕಂಬಕ್ಕೆ ಬೆನ್ನು ಕೊಟ್ಟು ಕೂರಿ. ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಇಡಿ. ಮಳೆಗಾಲದಲ್ಲಿ ಒಂದಲ್ಲ ಒಂದು ದಿನ ಅದು ಒದ್ದೆಯಾಗಿ ಅಲ್ಲಿಗೇ ಸೇರುವುದಿದೆ, ಮೊದಲೇ ಅಭ್ಯಾಸವಾಗಲಿ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮನೆಯ ಹಿರಿಯ ಹೆಂಗಸು ಬಂದು ಕೇಳುತ್ತಾರೆ: "ಆಸರಿಗೆ ಎಂತ ಆಗ್ತು?" ನೀವು, "ಎಂತೂ ಬ್ಯಾಡ ಅತ್ತೆ" ಎನ್ನಬೇಕು. ಅವರು, "ಒಂದ್ ಲೋಟ ಮಜ್ಜಿಗೆನಾದ್ರೂ ಕುಡಿಯೋ ತಮಾ" ಎನ್ನುತ್ತಾರೆ. ನೀವು ಸುಮ್ಮನಿರಬೇಕು. ಮಜ್ಜಿಗೆ ಬರುತ್ತದೆ. ಈ ನಾಲ್ಕು ಹೆಜ್ಜೆಗಳಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ. ಮೊದಲ ಪ್ರಶ್ನೆಗೇ "ಹೌದು, ಮಜ್ಜಿಗೆ ಕೊಡಿ" ಎಂದವರಿಗೂ ಮಜ್ಜಿಗೆ ಸಿಗುತ್ತದೆ. ಆದರೆ ಅದು ಹೋಟೆಲಿನ ಮಜ್ಜಿಗೆಯಾಗಿರುತ್ತದೆ.

ಜಗಲಿಯ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ ಎಂಬ ಮಾತನ್ನು ಅಡಿಕೆ ತೋಟದ ನಡುವೆ ಕೂತು ಗಟ್ಟಿಯಾಗಿ ಹೇಳಬಾರದು. ಹಾಗಾಗಿ ಈ ಕೈಪಿಡಿ ಕವಳವನ್ನು ಶಿಫಾರಸು ಮಾಡುವುದಿಲ್ಲ. ಬಟ್ಟಲಿನ ಸುತ್ತ ಸೇರುವ ಮಾತನ್ನು ಮಾತ್ರ ಶಿಫಾರಸು ಮಾಡುತ್ತದೆ.

ಹಕ್ಕಿಯದು ಬೇರೆ ಕ್ರಮ. ಅದರ ಹೆಸರು ಸಿಳ್ಳಾರ. ಕಪ್ಪು ಮೈ, ಭುಜದ ಹತ್ತಿರ ನೀಲಿ. ಪಶ್ಚಿಮ ಘಟ್ಟದ ತೊರೆಗಳ ಪಕ್ಕ ವಾಸ. ಮುಂಗಾರಿನ ಹೊತ್ತಿಗೆ, ಇನ್ನೂ ಬೆಳಕು ಹರಿಯುವ ಮೊದಲು, ಮನುಷ್ಯರೇ ಸಿಳ್ಳೆ ಹಾಕಿದಂತೆ ಹಾಡುತ್ತದೆ. ಒಂದು ರಾಗ ಹಿಡಿದು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಬ್ರಿಟಿಷರು ಇದಕ್ಕೆ ಸಿಳ್ಳೆ ಹಾಕುವ ಶಾಲಾ ಹುಡುಗ ಎಂದು ಅಡ್ಡಹೆಸರಿಟ್ಟಿದ್ದರು. ಇದನ್ನು ಕೇಳಲು ಮಾಡಬೇಕಾದದ್ದು ಎಚ್ಚರವಾಗುವುದೊಂದೇ. ಎದ್ದು ಹೊರಗೆ ಹೋಗುವ ಅಗತ್ಯವೂ ಇಲ್ಲ, ಕಂಬಳಿಯೊಳಗಿಂದಲೇ ಆಗುತ್ತದೆ. ಹಕ್ಕಿಯ ದನಿ ಗುರುತಿಸುವ ಆ್ಯಪು ತೆರೆದರೆ ಹಕ್ಕಿಯ ಹೆಸರು ಸಿಗುತ್ತದೆ, ಜೊತೆಗೆ ನಿನ್ನೆ ರಾತ್ರಿ ಬಂದ ಹನ್ನೆರಡು ಮೆಸೇಜುಗಳೂ ಸಿಗುತ್ತವೆ. ಆಮೇಲೆ ಹಕ್ಕಿ ಹಾಡುತ್ತಲೇ ಇರುತ್ತದೆ, ನೀವು ಇರುವುದಿಲ್ಲ.

ಮಳೆಯ ಅಳವಡಿಕೆ

ಈ ಭಾಗದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪ್ರಮಾಣ ಹೊಂದಿಸಲು ಅವಕಾಶ ಇಲ್ಲ. ವೇಳಾಪಟ್ಟಿ ಮಾತ್ರ ಇದೆ: ಜೂನ್ ಮೂರನೆಯ ವಾರ ದಾಟಿದೊಡನೆ ಆರಿದ್ರೆ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಹವಾಮಾನ ಇಲಾಖೆಯ ಕೆಂಪು, ಕಿತ್ತಳೆ, ಹಳದಿ ಬಣ್ಣಗಳ ಜೊತೆಗೆ ಈ ಹೆಸರುಗಳನ್ನೂ ಇಟ್ಟುಕೊಂಡರೆ ಮಳೆಯ ಬಗ್ಗೆ ಮಾತಾಡಲು ಹೆಚ್ಚು ವಿಷಯ ಸಿಗುತ್ತದೆ.

ಮಳೆಯನ್ನು ಸವಿಯುವ ಉತ್ತಮ ಜಾಗ ಬಚ್ಚಲುಮನೆ. ಅಡಿಕೆ ಸಿಪ್ಪೆ, ಒಣಗಿದ ಹಾಳೆ, ಸೋಗೆಯ ದಂಟು ಒಟ್ಟಿದ ಒಲೆ, ಮೇಲೆ ಹಂಡೆ. ಹೊರಗೆ ಹಂಚಿನ ಮೇಲೆ ನೀರು, ಒಳಗೆ ಹಂಡೆಯಲ್ಲಿ ನೀರು, ನಡುವೆ ನೀವು. ತೋಟದಲ್ಲಿ ನೆನೆದು ಬಂದವರಿಗೆ ಮಾತ್ರ ಈ ಸೌಲಭ್ಯ ಪೂರ್ಣವಾಗಿ ದೊರೆಯುತ್ತದೆ. ಸುಮ್ಮನೆ ಮಲಗಿ ಎದ್ದು ಬಂದವರಿಗೆ ಅದು ಬರೀ ಬಿಸಿನೀರು.

ಇಲ್ಲಿ ಒಂದು ಎಚ್ಚರಿಕೆ ಸೇರಿಸಲೇಬೇಕು, ಅದೂ ಸಣ್ಣ ಅಕ್ಷರದಲ್ಲಲ್ಲ. ಕತಗಾಲದ ಹತ್ತಿರ ಚಂಡಿಕಾ ಹೊಳೆ ಉಕ್ಕಿ ಹೆದ್ದಾರಿಯ ಮೇಲೆ ಹರಿಯುವುದು, ಕುಮಟಾ–ಶಿರಸಿ ಬಸ್ಸುಗಳು ನಿಲ್ಲುವುದು ಮಳೆಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ಹೊಳೆದಂಡೆಯ ಮನೆಯವರಿಗೆ ಆ ದಿನ ಆರಿದ್ರೆಯೆಂದರೆ ಅಕ್ಕಿ ಚೀಲ ಅಟ್ಟಕ್ಕೆ ಏರಿಸುವ, ದನ ಬಿಚ್ಚಿ ದಿಬ್ಬಕ್ಕೆ ಅಟ್ಟುವ ಕೆಲಸ. ಸುಖ ಅಂದಿಗೆ ಬಂದ್. ಕೆಂಪು ನೀರಿನ ಮುಂದೆ ನಿಂತು ರೀಲ್ಸ್ ಮಾಡುವವರಿಗೆ ಈ ಕೈಪಿಡಿಯಲ್ಲಿ ಯಾವ ಸೂಚನೆಯೂ ಇಲ್ಲ, ಪೊಲೀಸರ ಹತ್ತಿರ ಇದೆ.

ಇದೇ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿಯಿತು. ಗಂಗಾವಳಿ ನದಿಯ ಪಕ್ಕ, ಹೆದ್ದಾರಿಯ ಅಂಚಿನ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಚಹಾಕ್ಕೆ ಲಾರಿ ನಿಲ್ಲಿಸಿದವರು ಮಣ್ಣಿನಡಿ, ನೀರಿನಡಿ ಹೋದರು. ಮಳೆ ನೋಡುತ್ತ ಒಂದು ಲೋಟ ಚಹಾ ಕುಡಿಯುವುದಕ್ಕಿಂತ ಸಣ್ಣ ಸುಖ ಯಾವುದಿದೆ? ಅದಕ್ಕೂ ಬೆನ್ನ ಹಿಂದಿನ ಗುಡ್ಡ ಗಟ್ಟಿಯಾಗಿ ನಿಂತಿರಬೇಕು. ಬಿಟ್ಟಿ ಸುಖವೆಂದರೆ ಯಾವ ಆಧಾರವೂ ಬೇಡದ ಸುಖ ಎಂದು ತಿಳಿದವರು ಈ ಪ್ಯಾರಾವನ್ನು ಇನ್ನೊಮ್ಮೆ ಓದಬೇಕು.

ರಾತ್ರಿ ಬಳಕೆ

ಹೊನ್ನಾವರ, ಕುಮಟೆ ಎಂದರೆ ಯಕ್ಷಗಾನದ ನೆಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಲ್ಲಿಯದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ, ಕೀಚಕ ನೋಡಿದವರು ಇನ್ನೂ ಜಗಲಿಗಳಲ್ಲಿ ಸಿಗುತ್ತಾರೆ. ಟೆಂಟಿನ ಆಟಕ್ಕೆ ಟಿಕೇಟು. ಗದ್ದೆಬಯಲಿನ ಹರಕೆ ಆಟಕ್ಕೆ ಟಿಕೇಟಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು.

ಕಂಬಳಿ ಒಯ್ಯಿರಿ. ಮುಂದೆ ಕೂರಬೇಡಿ, ತೀರ ಹಿಂದೆಯೂ ಬೇಡ. ಚಂಡೆಯ ಪೆಟ್ಟು ಎದೆಗೆ ತಾಗುವಷ್ಟು ಹತ್ತಿರ, ನಿದ್ದೆ ಬಂದರೆ ಕಾಲು ಚಾಚುವಷ್ಟು ದೂರ. ನಿದ್ದೆ ಮಾಡುವುದು ದೋಷವಲ್ಲ. ಮಕ್ಕಳು ಮಲಗಿ, ರಾಕ್ಷಸನ ಪ್ರವೇಶಕ್ಕೆ ಬೆಚ್ಚಿ ಎದ್ದು, ಮತ್ತೆ ಮಲಗುವುದೇ ಈ ಕಲೆಗೆ ಪ್ರೇಕ್ಷಕರು ತಯಾರಾಗುತ್ತ ಬಂದ ಬಗೆ. ಈಗ ಕಾಲಮಿತಿಯ ಆಟಗಳು ಬಂದು ನಡುರಾತ್ರಿಯೊಳಗೆ ಮಂಗಳವಾಗುತ್ತದೆ. ನೌಕರಿಯವರಿಗೆ ಅನುಕೂಲ, ಒಪ್ಪೋಣ. ಆದರೆ ಬೆಳಗಾಗುವ ಹೊತ್ತಿಗೆ ಭಾಗವತರ ದನಿಯ ಜೊತೆಗೇ ಕಾಗೆಯೂ ಕೂಗಿಕೊಳ್ಳುವ ಆ ಕೊನೆಯ ಗಳಿಗೆ ಕಾಲಮಿತಿಯಲ್ಲಿ ಸಿಗುವುದಿಲ್ಲ.

ಮೊಬೈಲು ಎತ್ತಿ ಚಿತ್ರ ತೆಗೆಯುವವರಲ್ಲಿ ವಿನಂತಿ: ನಿಮ್ಮ ಹಿಂದೆ ಕೂತವರಿಗೆ ಕಾಣುವುದು ನಿಮ್ಮ ಅಂಗೈಯಗಲದ ಭಸ್ಮಾಸುರ ಮಾತ್ರ. ತಲೆಯ ಮೇಲೆ ಕೈ ಎತ್ತಿದವರ ಗತಿ ಏನಾಗುತ್ತದೆಂಬುದನ್ನು ಪ್ರಸಂಗವೇ ಹೇಳುತ್ತದೆ.

ನೆನಪಿರಲಿ, ಈ ಆಟವೂ ಪುಕ್ಕಟೆಯಾಗಿ ಆಗಿದ್ದಲ್ಲ. ಯಾವುದೋ ಮನೆಯವರು ಹರಕೆ ಹೊತ್ತು, ಮೇಳಕ್ಕೆ ವೀಳ್ಯ ಕೊಟ್ಟು, ಕಲಾವಿದರಿಗೆ ಊಟ ಬಡಿಸಿ ನಿಮ್ಮನ್ನು ಕೂರಿಸಿದ್ದಾರೆ. ಅವರ ಮನೆಯ ಕಷ್ಟ ನೀಗಿದ ಸಂತೋಷವನ್ನು ನೀವು ನೋಡುತ್ತಿದ್ದೀರಿ.

ದೋಷ ಮತ್ತು ಪರಿಹಾರ

ಕೂತು ಸ್ವಲ್ಪ ಹೊತ್ತಿಗೇ ಬೇಸರ ಬರುತ್ತಿದೆ: ಸಾಮಗ್ರಿ ಸರಿಯಾಗಿ ಕೆಲಸ ಮಾಡುತ್ತಿದೆ. ಬೇಸರ ದಾಟಿದ ಮೇಲೆಯೇ ಕಿವಿ ತೆರೆಯುವುದು.

ಧನ್ಯವಾದ ಯಾರಿಗೆ ಹೇಳಬೇಕು ತಿಳಿಯುತ್ತಿಲ್ಲ: ಹೇಳಬೇಕಾಗಿಲ್ಲ. ಪಕ್ಕದ ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಂದ ಬಾಟಲಿಯನ್ನು ಖಾಲಿಯಾಗಿ ವಾಪಸು ಕಳಿಸದಿದ್ದರೆ ಸಾಕು. ನಾಲ್ಕು ಮುರುಗಲು ಸಿಪ್ಪೆಯಾದರೂ ಹಾಕಿ. ಹೊಸ ಬೆಳೆಯ ಹಬ್ಬವಾದ ಹೊಸ್ತಿನ ದಿನ ಕದಿರನ್ನು ಬಾಗಿಲಿಗೂ ಬಾವಿಗೂ ಕಟ್ಟುವವರು ಭಾಷಣ ಮಾಡಿ ಕಟ್ಟುವುದಿಲ್ಲ. ದಿನಾ ರಾತ್ರಿ ಕೃತಜ್ಞತೆಯ ಡೈರಿಯಲ್ಲಿ ಮೂರು ಸಾಲು ಬರೆಯುವ ಪದ್ಧತಿ ಈಚೆಗೆ ಪೇಟೆಯಿಂದ ಬಂದಿದೆ. ಬರೆಯುವವರು ಬರೆಯಲಿ. ಬಾಟಲಿ ಮಾತ್ರ ಮರೆಯಬಾರದು.

ಮಳೆ ಸವಿಯಲು ಹೋದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ: ನೀವು ಅಡಿಕೆ ಬೆಳೆಗಾರರಿರಬೇಕು. ಆಶ್ಲೇಷ ಬಿಡದೆ ಹೊಡೆದರೆ ಮೈಲುತುತ್ತ, ಸುಣ್ಣ ಕದಡಿದ ಬೋರ್ಡೋ ಮದ್ದು ಹೊಡೆಯಲು ಮಳೆ ಹೊಳವಾಗುವುದಿಲ್ಲ, ಹೊಡೆದದ್ದು ತೊಳೆದುಹೋಗುತ್ತದೆ, ಕೊಳೆ ರೋಗ ಬಂದು ಕಾಯಿ ಮರದಡಿ ಹಾಸುತ್ತದೆ. ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸೋಣವೆಂದರೆ ಮರ ಹತ್ತುವವರು ಸಿಗುವುದಿಲ್ಲ. ಇದಕ್ಕೆ ಈ ಕೈಪಿಡಿಯಲ್ಲಿ ಪರಿಹಾರ ಇಲ್ಲ. ಇಂಥವರಿಗೆ "ಇರುವುದರಲ್ಲೇ ಸುಖ ಕಾಣಿ" ಎಂದು ಉಪದೇಶಿಸುವವರನ್ನು ಜಗಲಿ ಹತ್ತಲು ಬಿಡಬಾರದು. ಸುಖ ಬಿಟ್ಟಿಯಾಗಿ ಸಿಗುತ್ತದೆ ಎಂಬುದನ್ನು ಕೂಲಿ ಕಡಿಮೆ ಮಾಡಲು, ಬೆಳೆ ಪರಿಹಾರ ತಡೆಯಲು ಬಳಸಿದರೆ ವಾರಂಟಿ ಆ ಕ್ಷಣವೇ ರದ್ದು.

ನಿರ್ವಹಣೆ

ಚಂಡಿಕಾ ಹೊಳೆ ಅಘನಾಶಿನಿಗೆ ಸೇರುತ್ತದೆ. ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಕುಮಟೆಯ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಇಷ್ಟು ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಪಕ್ಕದ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಎದ್ದ ಮೇಲೆ ಜೋಗ ಎಷ್ಟು ಸುರಿಯಬೇಕೆಂಬುದರಲ್ಲಿ ಮಳೆಯ ಜೊತೆ ಅಣೆಕಟ್ಟಿನದೂ ಮಾತು ನಡೆಯುತ್ತದೆ. ಆ ನೀರಿನಿಂದ ಬಂದ ಕರೆಂಟು ನಾಡಿನ ಎಷ್ಟೋ ಮನೆಗಳಲ್ಲಿ ಉರಿಯುತ್ತಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಜಿಲ್ಲೆಯಲ್ಲಿ ಒಂದು ನದಿಯಾದರೂ ತನ್ನಷ್ಟಕ್ಕೆ ಹರಿಯಲಿ ಎಂಬುದು ಅತಿಯಾಸೆ ಎನಿಸುವುದಿಲ್ಲ.

ಅದು ಹಾಗೆ ಹರಿದದ್ದು ಅದೃಷ್ಟದಿಂದಲ್ಲ. ತದಡಿಯಲ್ಲಿ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಮೀನುಗಾರರು, ರೈತರು ಬೇಡವೆಂದರು. ಅದಕ್ಕೂ ಮೊದಲು, ಕಾಡು ಕಡಿಯುವುದನ್ನು ತಡೆಯಲು ಶಿರಸಿ ಕಡೆಯ ಸಾಲ್ಕಣಿಯ ಜನ 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತರು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಸಿಹಿನೀರು ಉಪ್ಪುನೀರು ಕೂಡುವ ಆ ಜಾಗದಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಜೀವಿ ಆರಿಸುತ್ತ ಬಂದದ್ದು ಲೋಕದ ಲೆಕ್ಕಕ್ಕೂ ಬಂತು. ಈಗ ಅದೇ ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾಪ ಇದೆ. ಪ್ರತಿಭಟನೆಯೂ ಇದೆ.

ಹಾಗಾಗಿ ಈ ಸಾಮಗ್ರಿಯ ವಾರ್ಷಿಕ ನಿರ್ವಹಣೆ ಬಳಕೆದಾರರ ಮೇಲೆಯೇ ಬೀಳುತ್ತದೆ. ಜಗಲಿಯಲ್ಲಿ ಹಾಜರಿರುವುದನ್ನು ಕಲಿತವರಿಗೆ ಇನ್ನೊಂದು ಕಡೆ ಹಾಜರಿರುವುದು ಕಷ್ಟವಾಗಬಾರದು. ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಫಲಾನುಭವಿಗಳ ಪಟ್ಟಿ ಓದಿ ಮುಗಿದ ಕೂಡಲೇ ಸಭೆಯಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ. ಹೊಳೆ, ಕಾಡು, ಗುಡ್ಡದ ಮಾತು ಬರುವುದು ಆಮೇಲೆ. ಮುಂದಿನ ಸಭೆಗೆ ಹೋಗಿ, ಕೊನೆಯ ವಿಷಯದವರೆಗೂ ಕೂರಿ. ಪ್ರವೇಶ ಉಚಿತ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಪೆನ್ನು ಮಾತ್ರ ನೀವೇ ಒಯ್ಯಬೇಕು.