ಸಕುಟುಂಬ ಡೇರಾ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಇರಲಿ, ಅದನ್ನು ಓದಲು ಅಧಿಕಾರಿ ಯಾರು ಎಂದು ಮೊದಲೇ ಹೇಳಿಬಿಡಬೇಕು. ವೇದಾಂತಕ್ಕೆ ಸಾಧನಚತುಷ್ಟಯ ಬೇಕು. ಪ್ರಸ್ತುತ ಶಾಸ್ತ್ರಕ್ಕೂ ನಾಲ್ಕು ಬೇಕು: ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ, ಅದರ ಮೇಲೆ ಇನ್ನೂ ತೀರದ ಸಾಲ, ಕೈಹಿಡಿದ ಹೆಂಡತಿ, ಮತ್ತು ಅತ್ತಿಬೆಲೆ ಟೋಲು ದಾಟುವ ಮೊದಲೇ ‘ಅಪ್ಪಾ, ಇನ್ನೂ ಎಷ್ಟು ದೂರ?’ ಎಂದು ಕೇಳಬಲ್ಲ ಮಗು. ಇವು ನಾಲ್ಕೂ ಇದ್ದು, ಗಾಡಿ ಇದುವರೆಗೆ ಹತ್ತಿದ ಅತ್ಯಂತ ಕಡಿದಾದ ಏರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನದೇ ಆಗಿದ್ದರೆ ಅವನು ಉತ್ತಮಾಧಿಕಾರಿ. ಉಳಿದವರು ಮುಂದಿನ ಲೇಖನಕ್ಕೆ ಹೋಗಬಹುದು.

ಇನ್ನು ವಿಷಯ. ಶನಿವಾರ ನಸುಕಿಗೆ ಬೆಂಗಳೂರು ಬಿಟ್ಟು, ಧರ್ಮಪುರಿ ಅಥವಾ ಸೇಲಂ ಜಿಲ್ಲೆಯ ಯಾವುದೋ ಬೋಳುಗುಡ್ಡದ ಬುಡದಲ್ಲಿ, ಬತ್ತಿದ ಕೆರೆಯಂಗಳದಲ್ಲಿ ಗಾಡಿಯನ್ನು ಹತ್ತಿಸಿ ಇಳಿಸಿ, ರಾತ್ರಿ ಡೇರೆ ಹಾಕಿ ಮಲಗಿ, ಭಾನುವಾರ ಸಂಜೆ ಹೊಸೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಕ್ರಿಯೆಗೆ ಲೋಕದಲ್ಲಿ ಆಫ್‌ರೋಡ್ ಕ್ಯಾಂಪಿಂಗ್ ಎಂಬ ವ್ಯವಹಾರವಿದೆ. ಈ ಕ್ರಿಯೆಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವುದು ನಿತ್ಯಕರ್ಮವೋ, ಕಾಮ್ಯಕರ್ಮವೋ, ಅಥವಾ ಕಳೆದ ಬಾರಿ ಒಬ್ಬನೇ ಹೋಗಿಬಂದದ್ದಕ್ಕೆ ಪ್ರಾಯಶ್ಚಿತ್ತವೋ ಎಂಬುದೇ ಜಿಜ್ಞಾಸೆ.

ಇದಕ್ಕೆ ಈ ಸೀಮೆಯೇ ಏಕೆ ಎಂದು ಕೇಳಿದರೆ, ರಸ್ತೆ ಚೆನ್ನಾಗಿದೆ. ರಸ್ತೆ ಬಿಟ್ಟು ಓಡಿಸಲು ಹೊರಟವನಿಗೆ ಮೊದಲು ಬೇಕಾದದ್ದು ಒಳ್ಳೆಯ ರಸ್ತೆ ಎಂಬುದು ಈ ಶಾಸ್ತ್ರದ ಮೊದಲ ವಿರೋಧಾಭಾಸ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಘಾಟಿ, ಸೇಲಂ ಎಂದು 44ನೇ ಹೆದ್ದಾರಿ ನುಣ್ಣಗೆ ಹರಿದಿದೆ. ಆ ನುಣುಪಿನ ಮೇಲೆ ಗಂಟೆಗಟ್ಟಲೆ ಕೂತು ಬಂದವನಿಗೆ ಕಲ್ಲಿನ ಮೇಲೆ ಕುಲುಕಬೇಕೆನಿಸುವುದು ಸಹಜ. ಹಿಂದಿನ ಸೀಟಿನವರಿಗೆ ಹಾಗೆ ಅನ್ನಿಸುವುದಿಲ್ಲ ಎಂಬಲ್ಲಿಂದ ವಾದ ಶುರುವಾಗುತ್ತದೆ.

ಮೊದಲು ಪೂರ್ವಪಕ್ಷ. ಇವರನ್ನು ಏಕಾಕಿವಾದಿಗಳು ಎನ್ನೋಣ. ಸಾಹಸ ಗಂಡಸರ ಕೂಟದ ವಿಷಯ, ಸಂಸಾರ ಅದಕ್ಕೆ ಉಪಾಧಿ ಎಂಬುದು ಇವರ ಮತ. ಸ್ಥಳೀಯ ಇತಿಹಾಸವೇ ಇವರ ಪ್ರಮಾಣ. ಇಂದಿನ ಧರ್ಮಪುರಿ ಸಂಗಂ ಕಾಲದಲ್ಲಿ ತಗಡೂರು. ಅಲ್ಲಿಯ ದೊರೆ ಅದಿಯಮಾನ್ ನೆಡುಮಾನ್ ಅಂಜಿ. ಹತ್ತಲಾಗದ ಬೆಟ್ಟದ ಸಂದಿಯಿಂದ ಅವನಿಗೆ ಒಂದು ನೆಲ್ಲಿಕಾಯಿ ಸಿಕ್ಕಿತು, ತಿಂದವರಿಗೆ ದೀರ್ಘಾಯುಷ್ಯ. ಅದನ್ನು ತಾನೂ ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟ. ತಮಿಳು ನಾಡು ಎರಡು ಸಾವಿರ ವರ್ಷದಿಂದ ಈ ದಾನವನ್ನು ಕೊಂಡಾಡುತ್ತಿದೆ. ಬೆಟ್ಟ ಸುತ್ತಿಬಂದ ಗಂಡ ಒಂದೇ ಒಂದು ನೆಲ್ಲಿಕಾಯಿ ತಂದು ಅದನ್ನೂ ಹೊರಗಿನವರಿಗೆ ಕೊಟ್ಟನೆಂದು ಅಂತಃಪುರದಲ್ಲಿ ಏನು ನಡೆಯಿತು ಎಂಬ ಬಗ್ಗೆ ಮಾತ್ರ ಕವಿಗಳು ಬಾಯಿ ಬಿಟ್ಟಿಲ್ಲ. ಒಬ್ಬನೇ ಹೋದದ್ದರಿಂದಲೇ ಕೀರ್ತಿ ಬಂತು ಎಂದು ಏಕಾಕಿವಾದಿಗಳು ಅರ್ಥಮಾಡುತ್ತಾರೆ.

ಅವರ ಎರಡನೆಯ ಸಾಕ್ಷಿ ನಮ್ಮ ಮಂತ್ರಾಲಯದ ಕಥೆಯಿಂದ ಪರಿಚಿತನಾದ ಥಾಮಸ್ ಮನ್ರೋ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸೇಲಂ ಮತ್ತು ಧರ್ಮಪುರಿ ಕಡೆಯ ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಅಲೆಗ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಯ ಕೈಕೆಳಗೆ ಮನ್ರೋ 1799ರವರೆಗೆ ಇಲ್ಲೇ ಇದ್ದ. ಹೊಲ ಅಳೆದ, ಕಂದಾಯ ಕಟ್ಟಿದ, ಡೇರೆಯಿಂದ ಡೇರೆಗೆ ಅಲೆದ. ಹೀಗೆ ಏಳು ವರ್ಷ ಅಲೆಯಲು ಸಾಧ್ಯವಾದದ್ದು ಅವನು ಬ್ರಹ್ಮಚಾರಿಯಾಗಿದ್ದುದರಿಂದ ಎಂದು ಪೂರ್ವಪಕ್ಷ. ಏಳು ವರ್ಷ ಹೀಗೆ ಅಲೆದದ್ದರಿಂದಲೇ ಅವನಿಗೆ ಹೆಣ್ಣು ಸಿಕ್ಕಿದ್ದು 1814ರಲ್ಲಿ ಎಂದು ಸಕುಟುಂಬವಾದಿ ಸಿದ್ಧಾಂತಿಗಳ ಖಂಡನೆ. ಮುಂದೆ ಮದರಾಸಿನ ಗವರ್ನರನಾಗಿ, ಹೆಂಡತಿ ವಿಲಾಯತಿಗೆ ಹೋಗಿದ್ದಾಗ ಪ್ರವಾಸ ಹೊರಟು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ. ‘ಕಾಯಿಸಿದ ನೀರೇ ಕುಡೀರಿ ಅಂತ ಹೇಳೋರು ಜೊತೆಗೆ ಇರಲಿಲ್ಲ ನೋಡಿ’ ಎಂದು ಸಿದ್ಧಾಂತಿಗಳ ಗೃಹಿಣೀಶಾಖೆ ತೀರ್ಪು ಕೊಟ್ಟಿದೆ. ಕಾಲರಾ ಹರಡುವುದು ನೀರಿನಿಂದ ಎಂದು ಆ ಕಾಲಕ್ಕೆ ಇನ್ನೂ ಗೊತ್ತಾಗಿರಲಿಲ್ಲ ಎಂಬ ಐತಿಹಾಸಿಕ ಆಕ್ಷೇಪವನ್ನು ಆ ಶಾಖೆ ಪರಿಗಣಿಸುವುದಿಲ್ಲ.

ಧರ್ಮಪುರಿ ಸೀಮೆಯ ತುಂಬ ನಿಂತಿರುವ ವೀರಗಲ್ಲುಗಳು ಮೂರನೆಯ ಸಾಕ್ಷಿ. ದನ ಬಿಡಿಸಿಕೊಂಡು ಬರುತ್ತೇನೆಂದು ಗೆಳೆಯರ ಜೊತೆ ಹೋದವರೇ ಹೆಚ್ಚು. ಇದು ಯಾರ ಪಕ್ಷಕ್ಕೆ ಬಲ ಕೊಡುತ್ತದೆ ಎಂಬುದು ನನಗಂತೂ ತಿಳಿದಿಲ್ಲ.

ಈಗ ಸಿದ್ಧಾಂತ. ಶಬ್ದಪ್ರಮಾಣದಲ್ಲಿ ಅಯೋಧ್ಯಾಕಾಂಡಕ್ಕಿಂತ ದೊಡ್ಡದಿಲ್ಲ. ಕಾಡಿನಲ್ಲಿ ಮುಳ್ಳು, ಹಾವು, ಚೇಳು, ನೆಲದ ಮೇಲೆ ಮಲಗಬೇಕು, ಹೊತ್ತಿಗೆ ಊಟವಿಲ್ಲ ಎಂದು ರಾಮ ಉದ್ದಕ್ಕೂ ವಿವರಿಸುತ್ತಾನೆ. ಇಂದಿನ ಗಂಡ ಹೇಳುವುದೂ ಇದನ್ನೇ, ನೆಟ್‌ವರ್ಕ್ ಇಲ್ಲ ಎಂಬುದೊಂದು ಹೆಚ್ಚು. ಸೀತೆ ಮೊದಲು ವಿನಯದಿಂದ, ಆಮೇಲೆ ತರ್ಕದಿಂದ, ಕೊನೆಗೆ ಗಂಡಿನ ವೇಷದ ಹೆಂಗಸನ್ನು ನಮ್ಮಪ್ಪ ಅಳಿಯನನ್ನಾಗಿ ಮಾಡಿಕೊಂಡನೇ ಎಂಬಷ್ಟು ಖಾರವಾಗಿ ಉತ್ತರಿಸುತ್ತಾಳೆ. ಅಧ್ಯಾತ್ಮ ರಾಮಾಯಣದ ಸೀತೆ ಇನ್ನೂ ಚತುರೆ: ಇಷ್ಟೊಂದು ರಾಮಾಯಣ ಕೇಳಿದ್ದೇವಲ್ಲ, ಸೀತೆಯನ್ನು ಬಿಟ್ಟು ರಾಮ ಕಾಡಿಗೆ ಹೋದದ್ದು ಯಾವುದರಲ್ಲಿದೆ ಹೇಳಿ ಎನ್ನುತ್ತಾಳೆ. ಪೂರ್ವನಿದರ್ಶನ ತೋರಿಸಿ ವಾದ ಮುಗಿಸುವ ಇಂಥ ಹೆಂಡತಿಯ ಮುಂದೆ ಫೋರ್ ಬೈ ಫೋರ್ ಕೂಟದ ನಿಯಮಾವಳಿ ನಿಲ್ಲದು.

ಆದರೆ ಪಂಡಿತರು ಗಮನಿಸದೆ ಬಿಟ್ಟವನು ಲಕ್ಷ್ಮಣ. ಊರ್ಮಿಳೆಯನ್ನು ಮನೆಯಲ್ಲಿ ಬಿಟ್ಟು ಬಂದ ಆತ ಪರ್ಣಕುಟಿ ಕಟ್ಟಿದ, ಕಂದಮೂಲ ತಂದ, ರಾತ್ರಿಯಿಡೀ ಕಾವಲು ಕಾಯ್ದ. ಸಕುಟುಂಬ ಡೇರಾ ಯಶಸ್ವಿಯಾಗಬೇಕಾದರೆ ಪ್ರತಿ ತಂಡದಲ್ಲೂ ಹೆಂಡತಿಯನ್ನು ಬಿಟ್ಟು ಬಂದವನೊಬ್ಬ ಇರಲೇಬೇಕು. ಗೂಟ ಹೊಡೆಯುವವನು, ಸೌದೆ ಆರಿಸುವವನು, ಇದ್ದಿಲು ಊದುವವನು, ಎಲ್ಲರ ಮಕ್ಕಳಿಗೂ ಮಾಮ ಆಗುವವನು ಅವನೇ. ಅವನು ಬಾರದ ವಾರ ಡೇರೆ ಏಳುವುದಿಲ್ಲ.

ಮಕ್ಕಳ ವಿಷಯದಲ್ಲಿ ಪುರಾಣಗಳ ನಿಲುವು ಬೇರೆ. ಪಾಂಡವರು ದ್ರೌಪದಿಯನ್ನು ಕರೆದೊಯ್ದರು, ಮಕ್ಕಳನ್ನು ಸೋದರಮಾವಂದಿರ ಕಡೆಗೆ ಕಳಿಸಿದರು. ದಮಯಂತಿ ಜೂಜಿನ ಗತಿ ನೋಡಿದವಳೇ ಇಬ್ಬರು ಮಕ್ಕಳನ್ನು ವಿದರ್ಭದ ತವರಿಗೆ ಸಾಗಿಸಿ ಆಮೇಲೆ ಗಂಡನ ಹಿಂದೆ ಹೊರಟಳು. ಮಗನನ್ನೂ ಜೊತೆಗೆ ಕರೆದುಕೊಂಡು ಹೊರಟವನು ಹರಿಶ್ಚಂದ್ರ. ಅವನ ಕಥೆ ಹೇಗೆ ಹೋಯಿತೆಂದು ಕನ್ನಡಿಗರಿಗೆ ರಾಘವಾಂಕ ಹೇಳಿದ್ದಾನೆ. ಹೆಂಡತಿ ಸರಿ, ಮಕ್ಕಳು ಅಜ್ಜಿಮನೆಗೆ ಎಂಬ ಮಧ್ಯಮಮಾರ್ಗ ಇಲ್ಲಿಂದ ಹುಟ್ಟಿತು. ಅಜ್ಜಿಯೂ ಅಪಾರ್ಟ್‌ಮೆಂಟಿಗೆ ಬಂದು ಸೇರಿದ ಮೇಲೆ ಅದು ನಿಂತಿತು.

ಪ್ರತ್ಯಕ್ಷ ಪ್ರಮಾಣವಾಗಿ ಗಾಡಿಯ ಬಾಗಿಲುಗಳನ್ನು ಎಣಿಸಬೇಕು. ಮಹೀಂದ್ರ ಥಾರ್ 2010ರಲ್ಲಿ ಬಂದಾಗ ಹಿಂದಿನವರು ಎದುರುಬದುರಾಗಿ ಬೆಂಚಿನ ಮೇಲೆ ಕೂರಬೇಕಿತ್ತು, ಸಂತೆಗೆ ಹೊರಟ ಹಾಗೆ. 2020ರ ಹೊಸ ಥಾರ್‌ನಲ್ಲಿ ಹಿಂದಿನ ಸೀಟೂ ಮುಂದಕ್ಕೆ ಮುಖ ಮಾಡಿತು. ಹೊರದೇಶಗಳಲ್ಲಿ ಮೂರು ಬಾಗಿಲಲ್ಲಿ ಸುಖವಾಗಿದ್ದ ಜಿಮ್ನಿ 2023ರಲ್ಲಿ ಇಲ್ಲಿನ ಮಾರುಕಟ್ಟೆಗೆ ಬರುವಾಗ ಐದು ಬಾಗಿಲು ಮಾಡಿಕೊಂಡು ಬಂತು. 2024ರಲ್ಲಿ ಥಾರ್ ರಾಕ್ಸ್ ಕೂಡ ಐದಕ್ಕೆ ಒಪ್ಪಿತು. ಇದನ್ನು ಎಂಜಿನಿಯರುಗಳ ಸಾಧನೆ ಎಂದು ತಿಳಿಯುವವರು ಅಲ್ಪಜ್ಞರು. ಹಿಂದಿನ ಸೀಟಿಗೆ ನುಸುಳಲಾರೆ ಎಂದು ಲಕ್ಷಾಂತರ ಮನೆಗಳ ಅಡುಗೆಮನೆಯಲ್ಲಿ ನಡೆದ ವಾದ ತಗಡಿನಲ್ಲಿ ಕೊರೆದ ಶಾಸನವಾಗಿದೆ, ಅಷ್ಟೇ.

ಭೂಗರ್ಭವೂ ಸಕುಟುಂಬವಾದವನ್ನೇ ಎತ್ತಿಹಿಡಿಯುತ್ತದೆ. ಸೇಲಂ ಮೇಲಿನ ಶೇರ್ವರಾಯನ್ ಬೆಟ್ಟದಲ್ಲಿ, ಏರ್ಕಾಡಿನ ಅಂಚಿಗೆ, ಕಣಿವೆಗೆ ಚಾಚಿದ ಬಂಡೆಗಳಿವೆ. ಅವುಗಳ ಹೆಸರು ಲೇಡೀಸ್ ಸೀಟ್, ಜೆಂಟ್ಸ್ ಸೀಟ್, ಚಿಲ್ಡ್ರನ್ಸ್ ಸೀಟ್. ಇಪ್ಪತ್ತು ಹೇರ್‌ಪಿನ್ ತಿರುವು ದಾಟಿ, ನಡುವೆ ಏನೇನನ್ನೋ ಕಕ್ಕಿಕೊಂಡು ಬಂದ ಸಂಸಾರಕ್ಕೆ ತಕ್ಷಣ ಏನು ಬೇಕೆಂದು ಬೆಟ್ಟಕ್ಕೆ ಗೊತ್ತಿತ್ತು: ಮೂವರಿಗೂ ಬೇರೆ ಬೇರೆ ಜಾಗ, ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ದೂರದಲ್ಲಿ.

ಒಂದು ನಿಷೇಧವಾಕ್ಯವನ್ನೂ ಹೇಳಿಬಿಡಬೇಕು. ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಚಕ್ರವೂ ಹೋಗುವಂತಿಲ್ಲ, ಡೇರೆಯೂ ಏಳುವಂತಿಲ್ಲ. ಧರ್ಮಪುರಿ, ಕೃಷ್ಣಗಿರಿಯ ಕಾವೇರಿ ಸೆರಗಿನ ಕಾಡು 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವಾಗಿದೆ. ಹೊಗೇನಕಲ್‌ನ ನದಿಪಾತ್ರದಲ್ಲಿ ನೀರು ಏರಿದರೆ ಜಿಲ್ಲಾಡಳಿತ ತೆಪ್ಪವನ್ನೂ ಸ್ನಾನವನ್ನೂ ನಿಲ್ಲಿಸುತ್ತದೆ. ಮೇಲೆ ಕಬಿನಿ, ಕೆಆರ್‌ಎಸ್ ಗೇಟು ಎತ್ತಿದ್ದು ಕೆಳಗೆ ಮರಳಿನ ಮೇಲೆ ಮಲಗಿದವನಿಗೆ ಕೇಳಿಸುವುದಿಲ್ಲ. ಕಾಡಿನಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟಬಹುದು, ಆದರೆ ಎಲ್ಲ ಬಲ್ಲವನೆಂದು ನಂಬಿದ್ದ ಅಪ್ಪ ಫಾರೆಸ್ಟ್ ಗಾರ್ಡ್ ಮುಂದೆ ಕೈಕಟ್ಟಿ ನಿಂತು ಬರದ ತಮಿಳಿನಲ್ಲಿ ‘ಸಾರ್, ಸಾರ್’ ಅನ್ನುವುದನ್ನು ಮಕ್ಕಳು ನೋಡಿದರೆ ಅದಕ್ಕೆ ಶಾಸ್ತ್ರದಲ್ಲಿ ಪರಿಹಾರವಿಲ್ಲ.

ಇಷ್ಟಾದರೂ ನಿಜವಾದ ಪ್ರಶ್ನೆಯನ್ನು ಎರಡೂ ಪಕ್ಷದವರು ಜಾಣತನದಿಂದ ಬದಿಗೊತ್ತಿದ್ದಾರೆ. ಕಲ್ಲಿನ ಮೇಲೆ ಟಯರಿಗೆ ಗಾಳಿ ಎಷ್ಟಿರಬೇಕು, ವಿಂಚಿಗೆ ತಂತಿ ಹಗ್ಗವೋ ಸಿಂಥೆಟಿಕ್ಕೋ ಎಂದು ಇರುಳಿಡೀ ವಾದ ಮಾಡುತ್ತಾರೆ. ಹೆಂಡತಿ ಕೇಳುವುದು ಒಂದೇ.

‘ರೀ, ಅಲ್ಲಿ ಬಾತ್‌ರೂಮ್ ಇದೆಯಾ?’

‘ಅಯ್ಯೋ, ಪ್ರಕೃತಿ ಕಣೇ! ಎಲ್ಲಾ ಕಡೆ ಇದೆ.’

ಧರ್ಮಪುರಿಯ ಪ್ರಕೃತಿಯನ್ನು ನೋಡಿದವನು ಈ ಮಾತು ಆಡಲಾರ. ಮೊಳಕಾಲೆತ್ತರದ ಕುರುಚಲು, ಬೆನ್ನು ಮರೆಸದ ಬಂಡೆ, ಇನ್ನು ಯಾರೂ ಇಲ್ಲವೆಂದು ಖಾತ್ರಿಯಾದ ಕ್ಷಣಕ್ಕೆ ಸರಿಯಾಗಿ ಆಡುಗಳ ಜೊತೆ ಪ್ರತ್ಯಕ್ಷನಾಗುವ ಒಬ್ಬ ಹುಡುಗ. ಹೀಗಾಗಿ ಗಂಡಸರು ದುರ್ಗಮತೆಯನ್ನು ರಸ್ತೆಯಿಂದ ಅಳೆದರೆ ಹೆಂಗಸರು ಪೆಟ್ರೋಲ್ ಬಂಕಿನಿಂದ ಅಳೆಯುತ್ತಾರೆ. ಡೇರೆ ಎಲ್ಲಿ ಏಳುತ್ತದೆಂದು ಕೊನೆಗೆ ಗೊತ್ತುಮಾಡುವುದು ಎರಡನೆಯ ಅಳತೆ. ಬಂಕು ದೂರವಿದ್ದಲ್ಲಿ ಹೆಂಡತಿಯ ಈ ಪ್ರಶ್ನೆಯಿಂದ ಒಂದು ಉಪಕಾರವಾಗಿದೆ. ಶೋಭೆಗೆಂದು ಗಾಡಿಯ ಮೈಗೆ ಬಿಗಿದಿದ್ದ ಸನಿಕೆ, ಗುಂಡಿ ತೋಡಲೆಂದು, ಮೊದಲ ಬಾರಿಗೆ ಮಣ್ಣು ಕಂಡಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೂರು ಕಲ್ಲಿನ ಒಲೆ, ಕೊಡದಲ್ಲಿ ಹೊತ್ತ ನೀರು, ನೆಲದ ಮೇಲೆ ನಿದ್ದೆ: ಗಂಡಸು ಒಬ್ಬನೇ ಮಾಡಿದರೆ ಸಾಹಸ, ಹೆಂಡತಿ ಮಕ್ಕಳ ಜೊತೆ ಮಾಡಿದರೆ ನೋಡುವವರ ಕಣ್ಣಿಗೆ ಬಡತನ. ಅದೇ ಹೆದ್ದಾರಿಯ ಪಕ್ಕದಲ್ಲಿ, ಅದೇ ರಸ್ತೆಗೆ ಜಲ್ಲಿ ಹಾಕುವವರು ನೀಲಿ ಟಾರ್ಪಾಲಿನಡಿ ವರ್ಷವಿಡೀ ಸಕುಟುಂಬವಾಗಿಯೇ ಡೇರೆಯಲ್ಲಿದ್ದಾರೆ. ಅವರನ್ನು ಈ ಶಾಸ್ತ್ರದ ಯಾವ ಪಂಥಕ್ಕೆ ಸೇರಿಸಬೇಕೆಂದು ಲಾಕ್ಷಣಿಕರು ಹೇಳಿಲ್ಲ. ಎರಡೂ ಡೇರೆಗಳಿಗೆ ಇರುವ ಭೇದ ಜಿಪ್ಪಿನದು ಎಂದು ಒಂದು ಪಾಠವಿದೆ.

ವಾಹನಪ್ರಕರಣದಲ್ಲೂ ಇಂಥದೇ ತೊಡಕು. ಪೆನ್ನಾಗರಂ ಕಡೆಯ ಕೊಟ್ಟೂರು ಮಲೆಗೆ ಗಾಡಿ ಹೋಗುವ ದಾರಿ ಇರಲಿಲ್ಲವಾಗಿ ಚುನಾವಣೆ ಬಂದಾಗಲೆಲ್ಲ ಮತಯಂತ್ರಗಳು ಹೋದದ್ದು ಕತ್ತೆಯ ಬೆನ್ನ ಮೇಲೆ. ನಾಲ್ಕು ಕಾಲಿಗೂ ಎಳೆತ, ಲೋ ಗೇರ್ ಸದಾ ಚಾಲೂ, ಟಯರಿಗೆ ಗಾಳಿ ಇಳಿಸುವ ಗೊಡವೆಯಿಲ್ಲ, ಸಾಲದ ಕಂತೂ ಇಲ್ಲ. ಇಷ್ಟು ಲಕ್ಷಣ ಕೂಡಿಬಂದರೂ ಅದರ ಫೋಟೋ ಹಾಕಿ ಯಾರೂ ಬೀಗಿದ್ದು ಕಂಡಿಲ್ಲ. ಅದರ ಹಿಂದೆ ನಡೆದ ಚುನಾವಣಾ ಸಿಬ್ಬಂದಿ ಹೆಂಡತಿ ಮಕ್ಕಳನ್ನು ಕರೆತಂದಿರಲಿಲ್ಲ, ಅದಕ್ಕೆ ಭತ್ಯೆಯಿಲ್ಲ.

ಫಲಶ್ರುತಿಯ ಬಗ್ಗೆ ಒಂದೆರಡು ಮಾತು. ಗಂಡನ ಫಲ ಬಂಪರಿನ ಮೇಲಿನ ಗೀರು. ಮಕ್ಕಳ ಫಲ ಹೆಸರಿಲ್ಲದ ಒಂದು ನಾಯಿಮರಿಯ ಗೆಳೆತನ ಮತ್ತು ಸೋಮವಾರದ ಶಾಲೆಗೆ ಜ್ವರ. ಹೆಂಡತಿಯ ಫಲ ಮಾತ್ರ ಕೈಗೆ ಹತ್ತುವಂಥದ್ದು. ಸೇಲಂ ಸೀಮೆಯ ಮರಗೆಣಸೇ ಸಬ್ಬಕ್ಕಿಯಾಗುವುದು, ಅದರ ತಯಾರಕರ ಸಹಕಾರ ಸಂಘ ಸೇಗೋಸರ್ವ್ 1981ರಿಂದ ಅಲ್ಲಿಯೇ ಇದೆ. ಸಂಡಿಗೆಗೆ ಐದು ಕೆ.ಜಿ. ಸಬ್ಬಕ್ಕಿ, ಋತುವಿದ್ದರೆ ಮಲ್ಗೋವಾ ಬುಟ್ಟಿ, ಬೆಳ್ಳಿ ಗೆಜ್ಜೆ ಎರಡು ಜೊತೆ, ದಾರಿಯಲ್ಲಿ ತಟ್ಟುವಡೆ ಸೆಟ್ಟು. ಇವನ್ನೆಲ್ಲ ತುಂಬಲು ಜಾಗ ಸಾಲದೆ ಡೇರೆ ಗಾಡಿಯ ತಲೆಯ ಮೇಲೇರುತ್ತದೆ. ಹೋಗುವಾಗ ಸಾಹಸಯಾತ್ರೆಯಾಗಿದ್ದದ್ದು ಬರುವಾಗ ಸಂತೆಯಾತ್ರೆಯಾಗುವ ಈ ಪರಿಣಾಮವಾದವನ್ನು ಸಾಂಖ್ಯರೂ ಒಪ್ಪಿಯಾರು.

ಇತ್ತೀಚೆಗೆ ಮೂರನೆಯದೊಂದು ಪಂಥ ತಲೆಯೆತ್ತಿರುವುದರಿಂದ ಗ್ರಂಥ ಅಪೂರ್ಣವಾಗಿ ನಿಂತಿದೆ. ಒಂದೇ ಅಪಾರ್ಟ್‌ಮೆಂಟಿನ ನಾಲ್ವರು ಹೆಂಗಸರು ತಾವೇ ಗಾಡಿ ಓಡಿಸಿಕೊಂಡು, ಮಕ್ಕಳನ್ನು ಹಾಕಿಕೊಂಡು, ಏರ್ಕಾಡಿನಲ್ಲಿ ಬಿಸಿನೀರಿರುವ ಕೋಣೆ ಹಿಡಿದು, ಹಗಲು ಎಸ್ಟೇಟಿನ ಕಲ್ಲುದಾರಿಯಲ್ಲಿ ಕುಲುಕಾಡಿ, ರಾತ್ರಿ ಮಂಚದ ಮೇಲೆ ಮಲಗಿ ಬರುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ಗಂಡಂದಿರನ್ನು ಕರೆದೊಯ್ಯುವುದು ನಿತ್ಯವೋ ಕಾಮ್ಯವೋ ಎಂಬ ಚರ್ಚೆ ಅವರಲ್ಲಿ ಐದು ನಿಮಿಷಕ್ಕೆ ಮುಗಿಯಿತೆಂದು ವರದಿ. ‘ನೀವು ಮನೇಲಿರಿ, ಶನಿವಾರ ಗ್ಯಾಸ್ ಸಿಲಿಂಡರ್ ಬರತ್ತೆ, ತಗೊಳ್ಳಬೇಕು’ ಎಂಬುದು ಅವರ ವಿಧಿವಾಕ್ಯ. ಇದರ ಖಂಡನೆಗೆ ಏಕಾಕಿವಾದಿಗಳೂ ಸಕುಟುಂಬವಾದಿಗಳೂ ಒಟ್ಟಾಗಿ ಸಭೆ ಸೇರುವುದೆಂದು ತೀರ್ಮಾನವಾಗಿತ್ತು. ಶನಿವಾರವೇ ಸಭೆ ಇಟ್ಟುಕೊಂಡದ್ದರಿಂದ ಕೋರಂ ಆಗಲಿಲ್ಲ.